ಉಕ್ಕಿನೊಳಗೆ ಇಣುಕಿದ ಸಾರ್ಬಿ

ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಎಂ.ಟೆಕ್ ಮಾಡಿದ್ದು ಲೋಹಶಾಸ್ತ್ರದಲ್ಲಿ ಎಂದರೆ ಗೆಳತಿಯರು ನಂಬುವುದಿಲ್ಲ. ಆಗ ಲ್ಯಾಬಿನಲ್ಲಿ ಉಕ್ಕಿನ ಬಿಲ್ಲೆಯನ್ನು ಎಮೆರಿ ಕಾಗದದ ಮೇಲೆ ಕನ್ನಡಿಯಂತಾಗುವವರೆಗೆ ಉಜ್ಜಬೇಕಿತ್ತು. ಒಂದು ಗೀರು ಉಳಿದರೂ ಮತ್ತೆ ಮೊದಲಿನಿಂದ! ಈ ವಿದ್ಯೆಗೆ ಬುನಾದಿ ಹಾಕಿದವರು ಹೆನ್ರಿ ಕ್ಲಿಫ್ಟನ್ ಸಾರ್ಬಿ.

ಸಾರ್ಬಿ ಹುಟ್ಟಿದ್ದು 1826ರಲ್ಲಿ, ಚಾಕು ಚೂರಿಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಬಳಿ. ಮನೆತನದ ಕಸುಬೂ ಅದೇ. ಅವರು ವಿಶ್ವವಿದ್ಯಾಲಯದಲ್ಲಿ ಓದಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಇದ್ದ ಆಸ್ತಿ ಜೀವನಕ್ಕೆ ಸಾಕಾಗಿತ್ತು. ಮದುವೆಯಾಗದೆ, ತಾಯಿಯ ಜೊತೆಯಲ್ಲೇ ಇದ್ದು, ಮನೆಯಲ್ಲೇ ಪ್ರಯೋಗ ನಡೆಸಿದರು.

ಮೊದಲು ಅವರು ಕೈಹಾಕಿದ್ದು ಕಲ್ಲಿಗೆ. ಬೆಳಕು ಹಾಯುವಷ್ಟು ತೆಳುವಾಗಿ ಸವೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೆಟ್ಟವನ್ನು ನೋಡಲು ಸೂಕ್ಷ್ಮದರ್ಶಕವೇ ಎಂದು ಜನ ನಕ್ಕರು. ಮುಂದೆ ಉಲ್ಕಾಶಿಲೆಗಳಲ್ಲಿನ ಕಬ್ಬಿಣ ಅವರನ್ನು ಉಕ್ಕಿನತ್ತ ಸೆಳೆಯಿತು. ಲೋಹದಲ್ಲಿ ಬೆಳಕು ಹಾಯುವುದಿಲ್ಲ. ಅದಕ್ಕೇ 1863ರಲ್ಲಿ ಉಕ್ಕನ್ನು ನಯಗೊಳಿಸಿ, ತೆಳು ಆಮ್ಲ ಸವರಿ, ಮೇಲಿನಿಂದ ಬೆಳಕು ಬೀಳಿಸಿ ನೋಡಿದರು. ಆಮ್ಲ ಎಲ್ಲ ಭಾಗವನ್ನೂ ಒಂದೇ ಸಮ ಕೊರೆಯುವುದಿಲ್ಲವಾದ್ದರಿಂದ ಒಳಗಿನ ಹರಳುಗಳ ವಿನ್ಯಾಸ ಕಣ್ಣಿಗೆ ಬಿತ್ತು.

ಇದೇಕೆ ಮುಖ್ಯ? ಒಂದೇ ಉಕ್ಕಿನ ಎರಡು ತುಂಡುಗಳನ್ನು ಕೆಂಪಗೆ ಕಾಯಿಸಿ, ಒಂದನ್ನು ನಿಧಾನವಾಗಿ ಆರಿಸಿ, ಇನ್ನೊಂದನ್ನು ನೀರಿಗೆ ಅದ್ದಿ. ಮೊದಲನೆಯದು ಬಾಗುತ್ತದೆ, ಎರಡನೆಯದು ಗಡುಸಾಗಿ, ಪೆಟ್ಟು ಬಿದ್ದರೆ ಸಿಡಿಯುತ್ತದೆ. ರಾಸಾಯನಿಕ ಪರೀಕ್ಷೆಗೆ ಎರಡೂ ಒಂದೇ. ವ್ಯತ್ಯಾಸ ಇರುವುದು ಒಳಗಿನ ರಚನೆಯಲ್ಲಿ.

1864ರಲ್ಲಿ ಬಾತ್ ನಗರದ ವಿಜ್ಞಾನ ಸಮಾವೇಶದಲ್ಲಿ ಇದನ್ನು ತೋರಿಸಿದರೂ ಸುಮಾರು ಇಪ್ಪತ್ತು ವರ್ಷ ಯಾರೂ ಗಮನಿಸಲಿಲ್ಲ. ಆ ಕಾಲದಲ್ಲಿ, ರೈಲು ಅಪಘಾತವಾದಾಗ ಹಳಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದಿದ್ದರೆ ತನ್ನನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದರು ಎಂದು ಅವರೇ ಮುಂದೆ ಹೇಳಿಕೊಂಡರು. 1880ರ ದಶಕದಲ್ಲಿ ಆ ಕೆಲಸವನ್ನು ಮತ್ತೆ ಎತ್ತಿಕೊಂಡರು. ಉಕ್ಕಿನಲ್ಲಿ ಮುತ್ತಿನಂತೆ ಮಿನುಗುವ ಭಾಗವನ್ನು ಇನ್ನಷ್ಟು ಹಿಗ್ಗಿಸಿ ನೋಡಿದಾಗ ಮೃದು ಕಬ್ಬಿಣ ಮತ್ತು ಗಡುಸು ಕಬ್ಬಿಣ-ಇಂಗಾಲ ಸಂಯುಕ್ತದ ಪದರಗಳು ಒಂದರ ಪಕ್ಕ ಒಂದು ಕಂಡವು. ಇಂದು ಅದು ಪರ್ಲೈಟ್. 1908ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಈ ಪರೀಕ್ಷೆ ಉಕ್ಕಿನ ಉದ್ಯಮದೊಳಗೆ ಕಾಲಿಟ್ಟಿತ್ತು.

ನನ್ನ ಆ ಬಿಲ್ಲೆ ಮುಂಬೈ ಮಳೆಗಾಲಕ್ಕೆ ತುಕ್ಕು ಹಿಡಿದು ಡ್ರಾಯರಿನಲ್ಲಿದೆ. ಮನೆ, ಮಕ್ಕಳು, ನೌಕರಿಯ ನಡುವೆ ನಾವು ಅರ್ಧಕ್ಕೆ ಬಿಟ್ಟ ಕಲಿಕೆಯೂ ಹಾಗೆಯೇ ಎಲ್ಲೋ ಇರುತ್ತದೆ. ಇಪ್ಪತ್ತು ವರ್ಷದ ಮೇಲೆ ಸಾರ್ಬಿ ಮತ್ತೆ ಎತ್ತಿಕೊಂಡರಲ್ಲ! ಗೆಳತಿಯರೇ, ತುಕ್ಕು ಇರುವುದು ಮೇಲೆ ಮಾತ್ರ. ಉಜ್ಜಿ ನೋಡೋಣ.