ಶ್ರೀ ಜಗನ್ನಾಥದಾಸರು ನಡೆದ ದಾರಿ

 

ಇವತ್ತು ನಮಗೆ ಹರಿಕಥಾಮೃತಸಾರ ಕೊಟ್ಟ ಶ್ರೀ ಜಗನ್ನಾಥದಾಸರನ್ನು ಸ್ಮರಿಸೋಣ. ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಬ್ಯಾಗವಾಟ ಅವರ ಊರು. ಮೊದಲಿನ ಹೆಸರು ಶ್ರೀನಿವಾಸಾಚಾರ್ಯರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು; ಕನ್ನಡದಲ್ಲಿ ಹಾಡೋ ದಾಸರು ಅಂದರೆ ಅಷ್ಟಕ್ಕಷ್ಟೆ. ಮಾನ್ವಿಗೆ ಬಂದ ವಿಜಯದಾಸರು ಪ್ರಸಾದಕ್ಕೆ ಕರೆದಾಗ ಹೊಟ್ಟೆನೋವು ಅಂತ ನೆಪ ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ನಿಜವಾಗಿಯೇ ಹೊಟ್ಟೆಬೇನೆ ಹಿಡಿಯಿತಂತೆ. ಯಾವ ಔಷಧಕ್ಕೂ ಬಗ್ಗಲಿಲ್ಲ.

ಮಂತ್ರಾಲಯಕ್ಕೆ ಹೋಗಿ ರಾಯರ ಸೇವೆ ಮಾಡಿದರು. ವಿಜಯದಾಸರಿಗೇ ಶರಣು ಹೋಗಬೇಕೆಂದು ಸ್ವಪ್ನಸೂಚನೆ ಆಯಿತು. ವಿಜಯದಾಸರು ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲೇ 40 ವರ್ಷ ಧಾರೆ ಎರೆದು ಕೊಟ್ಟರು ಎನ್ನುವುದು ಪರಂಪರೆಯ ನಂಬಿಕೆ.

ಈ ಕಥೆಯನ್ನು ಸಾಮಾನ್ಯವಾಗಿ ಅಹಂಕಾರಕ್ಕೆ ಆದ ಶಿಕ್ಷೆ ಅಂತ ಹೇಳ್ತೀವಿ. ಈ ಸಲ ನನ್ನ ಮನಸ್ಸು ನಿಂತದ್ದು ಅವರು ನಡೆದ ದಾರಿಯ ಮೇಲೆ. ಆರು ವಾರದಿಂದ ನನ್ನ ದನಿ ಒಡೆದಿದೆ. ಇಲ್ಲಿ ಇಂಗ್ಲೆಂಡಿನಲ್ಲಿ ಜಿಪಿ ಇಎನ್‌ಟಿಗೆ ಕಳಿಸಿದರು. ಅವರು ಕ್ಯಾಮೆರಾ ಇಳಿಸಿ ನೋಡಿ ಬಯಾಪ್ಸಿ ಮಾಡಿಸಿದರು. ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ರಿಪೋರ್ಟ್ ಇನ್ನೂ ಬಂದಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ, ಯಾವ ಕರ್ಮಕ್ಕೆ ಇದು ಅಂತ ಮನಸ್ಸು ಕೇಳ್ತದೆ. ಆ ಪ್ರಶ್ನೆಗೆ ಉತ್ತರ ಸಿಗೋಲ್ಲ, ನಿದ್ದೆ ಮಾತ್ರ ಹೋಗ್ತದೆ. ಆಗ ದಾಸರು ನೆನಪಾಗ್ತಾರೆ. ಅವರಿಗೂ ಮುಂದೆ ಹೋಗಬೇಕಾದ ಕಡೆಯಷ್ಟೇ ಗೊತ್ತಿತ್ತು, ಫಲ ಗೊತ್ತಿರಲಿಲ್ಲ. ನೋವು ಹೊತ್ತುಕೊಂಡೇ ಹೊರಟರು. ನನಗೂ ಸದ್ಯಕ್ಕೆ ಮುಂದಿನ ಅಪಾಯಿಂಟ್‌ಮೆಂಟ್ ಒಂದು ಗೊತ್ತಿದ್ದರೆ ಸಾಕು.

ಗುಣವಾದ ಮೇಲೆ ಪಂಢರಪುರದ ಚಂದ್ರಭಾಗೆಯಲ್ಲಿ ಅವರಿಗೆ ಜಗನ್ನಾಥವಿಠಲ ಎಂಬ ಅಂಕಿತ ದೊರೆಯಿತೆಂದು ಪ್ರತೀತಿ. ಒಂದು ಕಾಲಕ್ಕೆ ತಾತ್ಸಾರ ಮಾಡಿದ್ದ ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲಿ, ಹರಿಕಥಾಮೃತಸಾರ ರಚಿಸಿದರು. 1809ರಲ್ಲಿ ಮಾನ್ವಿಯಲ್ಲಿ ಹರಿಪಾದ ಸೇರಿದರು. ಇನ್ನೊಬ್ಬರು ಕೊಟ್ಟ ಆಯುಸ್ಸನ್ನು ಅವರು ಹಾಡಿಗೆ ಖರ್ಚು ಮಾಡಿದರು. ಅದನ್ನೇ ಇವತ್ತು ನಾವು ಉಣ್ಣುತ್ತಿದ್ದೇವೆ.

ಶನಿವಾರದ ಪಾಠ ಎಂದಿನಂತೆ ಇದೆ. ಸದ್ಯ ಹಾಡಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ನಾನು ತಾಳ ಹಾಕ್ತೀನಿ. ಮಂಗಳಾಚರಣ ಸಂಧಿಯನ್ನು ನೀವೆಲ್ಲ ಹಾಡಿ.

ಶ್ರೀಕೃಷ್ಣಾರ್ಪಣಮಸ್ತು.