ಕೈದಿಗಳ ಮನಸ್ಸು ಕೇಳಿದ ಸೇನಾನಿ

ದೊಡ್ಡನೆಕ್ಕುಂದಿಯ ಕಡೆಯಿಂದ ಪವಿತ್ರ ಹೃದಯ ದೇವಾಲಯಕ್ಕೆ ಹೋಗುವವರಿಗೆ ರಿಚ್ಮಂಡ್ ರಸ್ತೆ ಪರಿಚಿತ. ಆ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿದೆ. ಅವರು ಭೂಸೇನೆಯ ಮುಖ್ಯಸ್ಥರಾಗಿದ್ದುದನ್ನು ಹಿರಿಯರು ಬಲ್ಲರು. ಕೊರಿಯಾದಲ್ಲಿ ಅವರು ಹೊತ್ತ ಹೊಣೆಯನ್ನು ನಮ್ಮ ಮಕ್ಕಳೂ ತಿಳಿಯಬೇಕು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಕೂನೂರಿನ ಸಂತ ಜೋಸೆಫರ ಶಾಲೆ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗಳಲ್ಲಿ ಓದಿ 1926ರಲ್ಲಿ ಸೇನಾಧಿಕಾರಿಯಾದರು. 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಅವರ ಸಾಹಸ ಪ್ರಸಿದ್ಧವೇ.

ಕೊರಿಯಾ ಯುದ್ಧ ಆರಂಭವಾದದ್ದು 1950ರಲ್ಲಿ. ಒಂದು ಕಡೆ ವಿಶ್ವಸಂಸ್ಥೆಯ ಧ್ವಜದಡಿ ಅಮೆರಿಕ, ಇನ್ನೊಂದು ಕಡೆ ಚೀನಾ, ಅದರ ಬೆನ್ನಿಗೆ ಸೋವಿಯತ್ ಒಕ್ಕೂಟ. 1951ರಲ್ಲಿ ಸಂಧಾನ ಶುರುವಾದರೂ ಅದು ಕೈದಿಗಳ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತು. ಎಲ್ಲರನ್ನೂ ಒಪ್ಪಿಸಬೇಕೆಂದು ಚೀನಾ ಪಟ್ಟು ಹಿಡಿಯಿತು. ಮನಸ್ಸಿಲ್ಲದವರನ್ನು ಕಳಿಸುವುದಿಲ್ಲವೆಂದು ಅಮೆರಿಕ. ಈ ಹಟದ ನಡುವೆ ರಣರಂಗದಲ್ಲಿ ಬಡವರ ಮಕ್ಕಳು ಸಾಯುತ್ತಲೇ ಇದ್ದರು. ಕೊನೆಗೆ 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು. ಊರಿಗೆ ಮರಳಲು ಒಪ್ಪದ ಸುಮಾರು 22,900 ಕೈದಿಗಳನ್ನು ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸಲಾಯಿತು. ಅಧ್ಯಕ್ಷರು ತಿಮ್ಮಯ್ಯ.

ಅವರಿಗೆ ಸಿಕ್ಕಿದ್ದು ಹೊಣೆ, ಅಧಿಕಾರವಲ್ಲ. ದಕ್ಷಿಣ ಕೊರಿಯಾದ ಅಧ್ಯಕ್ಷರು ಭಾರತೀಯ ಯೋಧರು ತಮ್ಮ ನೆಲದ ಮೇಲೆ ಕಾಲಿಡುವುದಕ್ಕೂ ಒಪ್ಪದಿದ್ದುದರಿಂದ, ಅವರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಒಯ್ಯಬೇಕಾಯಿತು. ಪ್ರತಿ ಕೈದಿಯೂ ಒಬ್ಬನೇ ಗುಡಾರಕ್ಕೆ ಬಂದು ತನ್ನ ದೇಶದ ಪ್ರತಿನಿಧಿಗಳ ಮಾತು ಕೇಳಿ, ಎರಡು ಬಾಗಿಲುಗಳಲ್ಲಿ ಒಂದನ್ನು ಆರಿಸಬೇಕು: ಒಂದು ತಾಯ್ನಾಡಿಗೆ, ಇನ್ನೊಂದು ಮರಳಿ ಶಿಬಿರಕ್ಕೆ. ಆದರೆ ಶಿಬಿರದೊಳಗಿನ ಮುಖಂಡರು ಎಷ್ಟೋ ಮಂದಿಯನ್ನು ಹೊರಗೇ ಬಿಡಲಿಲ್ಲ. ಬಲ ಪ್ರಯೋಗಿಸಿ ಎಳೆದು ತರಬೇಕೆಂದು ಆಯೋಗದಲ್ಲೇ ಒತ್ತಾಯ ಬಂತು. ರಕ್ತ ಹರಿಯುವುದೆಂದು ತಿಮ್ಮಯ್ಯ ಒಪ್ಪಲಿಲ್ಲ. 90 ದಿನಗಳಲ್ಲಿ ಸುಮಾರು 3,000 ಮಂದಿಯ ವಿಚಾರಣೆಯಷ್ಟೇ ನಡೆಯಿತು.

ಉಳಿದವರ ಭವಿಷ್ಯ ಚರ್ಚಿಸಬೇಕಿದ್ದ ರಾಜಕೀಯ ಸಮ್ಮೇಳನವನ್ನು ದೊಡ್ಡ ರಾಷ್ಟ್ರಗಳು ಕೂಡಿಸಲೇ ಇಲ್ಲ. 1954ರ ಜನವರಿಯಲ್ಲಿ ತಿಮ್ಮಯ್ಯ ಕೈದಿಗಳನ್ನು ಮೊದಲು ಸೆರೆಯಲ್ಲಿಟ್ಟಿದ್ದವರಿಗೇ ಹಿಂದಿರುಗಿಸಿದರು. ಚೀನಾ, ಉತ್ತರ ಕೊರಿಯಾಗಳು ಸಿಟ್ಟಾದವು. ಬಿಡುಗಡೆ ಮಾಡುವ ಅಧಿಕಾರ ಆಯೋಗಕ್ಕಿಲ್ಲವೆಂಬುದು ತಿಮ್ಮಯ್ಯನವರ ನಿಲುವಾಗಿತ್ತು. ಬೇರೆ ದಾರಿಯಿತ್ತೆಂದು ನನಗೆ ತೋರದು. ಎರಡೂ ಕಡೆ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಮಂದಿಯನ್ನು ಭಾರತಕ್ಕೆ ಕರೆತರಲಾಯಿತು.

ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ಅವರನ್ನು 1964ರಲ್ಲಿ ವಿಶ್ವಸಂಸ್ಥೆ ಸೈಪ್ರಸ್‌ಗೆ ಕರೆಯಿತು. ಗ್ರೀಕರ ಮತ್ತು ತುರ್ಕರ ನಡುವೆ ಶಾಂತಿಪಡೆಯನ್ನು ಮುನ್ನಡೆಸುತ್ತಿದ್ದಾಗಲೇ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ ತೀರಿಕೊಂಡರು.