ಬೆನಗಲ್ ನರಸಿಂಗ ರಾಯರನ್ನು ಹಳೆಯ ಧಣಿ ಯಾರೆಂದು ಯಾರೂ ಕೇಳಲಿಲ್ಲ

ಕಳೆದ ಮಳೆಗಾಲದ ಒಂದು ರಾತ್ರಿ ಅಮೆರಿಕದಿಂದ ಚಿಕ್ಕಮ್ಮನ ಮಗನ ಫೋನ್ ಬಂತು. ಕುಂದಾಪುರದ ಹುಡುಗ, ಎಂಜಿನಿಯರಿಂಗ್ ಮುಗಿಸಿ ಹೋಗಿ 17 ವರ್ಷ ಆಯ್ತು. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ದಾಟಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಿದ್ದ. ಸಂದರ್ಶನದಲ್ಲಿ ಇಂಗ್ಲಿಷು, ಅಮೆರಿಕದ ಚರಿತ್ರೆ ಎಲ್ಲ ಸಲೀಸಾಗಿ ಹೋಯಿತು. ಅಧಿಕಾರಿ ತಡೆದು ನಿಂತದ್ದು ಬೇರೆ ಕಡೆ. ಗ್ರೀನ್ ಕಾರ್ಡಿಗೆ ಸ್ಪಾನ್ಸರ್ ಮಾಡಿದ ಕಂಪನಿಯಲ್ಲಿ ಕಾರ್ಡ್ ಬಂದ ನಂತರ ಎಷ್ಟು ದಿನ ಇದ್ದೆ, ಯಾಕೆ ಬಿಟ್ಟೆ ಅಂತ ಕೇಳಿದರಂತೆ. ಇವ ಮೂರೇ ತಿಂಗಳಿಗೆ ಬಿಟ್ಟಿದ್ದ. ಆ ಕಂಪನಿ ಈಗ ಇಲ್ಲ. ದಾಖಲೆ ಕೊಡುವವರು ಯಾರು?

ವಿಷಯ ಇಷ್ಟು. ಅಮೆರಿಕದ ಪೌರತ್ವ ಬೇಕಾದರೆ ಅದಕ್ಕೆ ಮೊದಲಿನ ಗ್ರೀನ್ ಕಾರ್ಡ್ ಕಾನೂನುಬದ್ಧವಾಗಿ ಸಿಕ್ಕಿರಬೇಕು. ಹಾಗಾಗಿ ಪೌರತ್ವದ ಅರ್ಜಿ ಬಂದಾಗ ಹಳೆಯ ಫೈಲನ್ನು ಮತ್ತೆ ಬಿಚ್ಚಿ ನೋಡುವ ಅಧಿಕಾರ ಅವರಿಗಿದೆ. ಕಂಪನಿ ಕೊಟ್ಟ ಕೆಲಸ ನಿಜವಾದದ್ದೇ, ಆ ಕೆಲಸ ಮಾಡುವ ಉದ್ದೇಶ ನಿನಗೆ ಇತ್ತೇ ಎಂದು ಕೇಳಬಹುದು. ಇಷ್ಟೇ ತಿಂಗಳು ದುಡಿಯಬೇಕು ಎಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ. ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿ 180 ದಿನ ಬಾಕಿ ಉಳಿದರೆ ಅದೇ ಬಗೆಯ ಬೇರೆ ಕೆಲಸಕ್ಕೆ ಹೋಗಲು ಅವಕಾಶವೂ ಇದೆ. ಆದರೆ ಕಂಪನಿ ಸುಳ್ಳು ಕಾಗದ ಕೊಟ್ಟಿದ್ದರೆ, ಅದರ ಬಿಸಿ ವರ್ಷಗಳ ನಂತರ ತಟ್ಟುವುದು ಕಾರ್ಮಿಕನಿಗೆ.

ಫೋನಿಟ್ಟ ಮೇಲೆ ನನಗೆ ನೆನಪಾದದ್ದು ನಮ್ಮ ಬ್ರಹ್ಮಾವರದ ಕಡೆಯ ಊರಿನ ಹೆಸರನ್ನು ಜಗತ್ತಿಗೆಲ್ಲ ಹೊತ್ತುಕೊಂಡು ಹೋದ ಒಬ್ಬ ಮನುಷ್ಯ. ಬೆನಗಲ್ ನರಸಿಂಗ ರಾವ್. ಯಾರು ಈ ದೇಶದವರು ಎಂಬ ಪ್ರಶ್ನೆಗೆ ಕಾನೂನಿನ ಭಾಷೆ ಹುಡುಕಿದವರಲ್ಲಿ ಅವರೂ ಒಬ್ಬರು. ಅದೂ ಎರಡು ದೇಶಗಳಿಗೆ.

ರಾಯರು ಹುಟ್ಟಿದ್ದು 1887ರಲ್ಲಿ, ಕೊಂಕಣಿ ಮಾತಾಡುವ ಚಿತ್ರಾಪುರ ಸಾರಸ್ವತ ಮನೆತನದಲ್ಲಿ. ತಂದೆ ರಾಘವೇಂದ್ರ ರಾವ್ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ನ ಟ್ರಿನಿಟಿ. ಗಣಿತದಲ್ಲಿ ಎತ್ತಿದ ಕೈ. 1909ರಲ್ಲಿ ಐಸಿಎಸ್ ಪಾಸಾದರು. ಮದ್ರಾಸ್ ಪ್ರಾಂತಕ್ಕೆ ಹಾಕಬೇಡಿ, ಅಲ್ಲಿ ನೆಂಟರಿಷ್ಟರು ಜಾಸ್ತಿ, ಶಿಫಾರಸಿಗೆ ಬರುತ್ತಾರೆ ಎಂದು ಅವರೇ ಕೇಳಿಕೊಂಡರು ಅನ್ನುತ್ತಾರೆ. ಹಾಗೆ ಬಂಗಾಳಕ್ಕೆ ಹೋದರು. 1925ರಿಂದ 1933ರವರೆಗೆ ಅಸ್ಸಾಂನಲ್ಲಿ ಕಾನೂನು ಇಲಾಖೆಯ ಕೆಲಸ. 1935ರ ಭಾರತ ಸರಕಾರ ಕಾಯ್ದೆ ಬಂದಾಗ ದೇಶದ ಕಾಯ್ದೆಗಳನ್ನೆಲ್ಲ ಅದಕ್ಕೆ ಹೊಂದಿಸುವ ಹೊಣೆ. 1938ರಲ್ಲಿ ಬ್ರಿಟಿಷರು ಸರ್ ಪದವಿ ಕೊಟ್ಟರು. ಆಮೇಲೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶ, ಹಿಂದೂ ಕಾನೂನು ಸಮಿತಿಯ ಅಧ್ಯಕ್ಷ, ಸ್ವಲ್ಪ ಕಾಲ ಜಮ್ಮು ಕಾಶ್ಮೀರದ ಪ್ರಧಾನಿ.

ಲೆಕ್ಕ ಹಾಕಿ ನೋಡಿ. ಹತ್ತಿರ ಹತ್ತಿರ 35 ವರ್ಷ ಅವರಿಗೆ ಸಂಬಳ ಕೊಟ್ಟದ್ದು ಸಾಮ್ರಾಜ್ಯ. ಆದರೂ 1946ರ ಜುಲೈಯಲ್ಲಿ ಸಂವಿಧಾನ ಸಭೆಗೆ ಸಲಹೆಗಾರ ಬೇಕಾದಾಗ ಕರೆದದ್ದು ಅವರನ್ನೇ. ಅವರು ಅಲ್ಲಿ ದುಡಿದದ್ದು ಸಂಬಳವಿಲ್ಲದೆ. 1947ರ ಅಕ್ಟೋಬರಿನ ಹೊತ್ತಿಗೆ 243 ಕಲಂಗಳ ಮೊದಲ ಕರಡು ಸಿದ್ಧವಾಗಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ರಾಯರ ಹೆಸರನ್ನು ಈಗ ಕೆಲವರು ಅಂಬೇಡ್ಕರರನ್ನು ಸಣ್ಣದು ಮಾಡಲಿಕ್ಕೆ ಬಳಸುತ್ತಿದ್ದಾರೆ. ನಮ್ಮೂರ ಹೆಸರಿದೆ ಅಂತ ನಾನು ಅದಕ್ಕೆ ತಲೆಯಾಡಿಸುವುದಿಲ್ಲ. ರಾಯರು ಕೊಟ್ಟದ್ದು ಕಚ್ಚಾ ಕರಡು. ಅದನ್ನು ತಿದ್ದಿ, ಬದಲಿಸಿ, ಸಭೆಯಲ್ಲಿ ಒಂದೊಂದು ಕಲಮಿಗೂ ಉತ್ತರ ಕೊಟ್ಟು ದಡ ಸೇರಿಸಿದ್ದು ಅಂಬೇಡ್ಕರ್ ಮತ್ತು ಕರಡು ಸಮಿತಿ. ರಾಯರ ಪಾಲನ್ನು 1949ರ ನವೆಂಬರಿನಲ್ಲಿ ಸಭೆಯ ಎದುರೇ ನೆನೆದವರೂ ಅಂಬೇಡ್ಕರರೇ.

ಅದೇ 1947ರಲ್ಲಿ ರಾಯರು ಇನ್ನೊಂದು ದೇಶದ ಸಂವಿಧಾನಕ್ಕೂ ಕೈಜೋಡಿಸಿದರು. ಬರ್ಮಾದ ಸಂವಿಧಾನ ಸಲಹೆಗಾರ ಯು ಚಾನ್ ಟೂನ್ ದಿಲ್ಲಿಗೆ ಬಂದು ಅವರ ನೆರವು ಪಡೆದರು. ಆಗ ಬರ್ಮಾ ಅಂದರೆ ನಮ್ಮವರ ಇಂದಿನ ಗಲ್ಫ್ ಇದ್ದ ಹಾಗೆ. 1931ರ ಜನಗಣತಿಯಲ್ಲಿ ಅಲ್ಲಿ 10 ಲಕ್ಷ ಭಾರತೀಯರಿದ್ದರು, ರಂಗೂನ್ ನಗರದ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರೇ. ಬಂದರಿನ ಹಮಾಲಿ, ಅಕ್ಕಿ ಗಿರಣಿ, ಗದ್ದೆ ಕೊಯ್ಲು. ಈ ಕೂಲಿಗಳಲ್ಲಿ ಬಹಳ ಜನರನ್ನು ಕರೆತಂದದ್ದು ಮೇಸ್ತ್ರಿ. ಮುಂಗಡ ಕೊಟ್ಟವನೂ ಅವನೇ, ಕೂಲಿ ಹಂಚುವವನೂ ಅವನೇ. ಅಂದಿನ ಸ್ಪಾನ್ಸರ್ ಅಂದುಕೊಳ್ಳಿ.

ಬರ್ಮಾದ ಸಂವಿಧಾನದ ಪೌರತ್ವದ ಕಲಂ ಇವರಿಗೂ ಒಂದು ಬಾಗಿಲು ಇಟ್ಟಿತ್ತು. ಬ್ರಿಟಿಷ್ ಆಡಳಿತದ ಯಾವುದೇ ಸೀಮೆಯಲ್ಲಿ ಹುಟ್ಟಿರಲಿ, ಹತ್ತು ವರ್ಷದಲ್ಲಿ ಎಂಟು ವರ್ಷ ಬರ್ಮಾದಲ್ಲಿ ಇದ್ದು, ಅಲ್ಲೇ ನೆಲೆಸುವ ಉದ್ದೇಶ ತೋರಿಸಿದರೆ ಪೌರತ್ವ ಆಯ್ದುಕೊಳ್ಳಬಹುದು. ಆ ಹತ್ತು ವರ್ಷವನ್ನು ಸ್ವಾತಂತ್ರ್ಯದ ದಿನದಿಂದ ಹಿಂದಕ್ಕೆ ಎಣಿಸಬಹುದು, ಇಲ್ಲವೇ 1942ರ ಜನವರಿ 1ರಿಂದ. ಈ ಎರಡನೇ ದಿನಾಂಕಕ್ಕೆ ಅರ್ಥವಿದೆ. 1942ರಲ್ಲಿ ಜಪಾನ್ ದಾಳಿಗೆ ಹೆದರಿ ಲಕ್ಷಾಂತರ ಭಾರತೀಯರು ಕಾಡುದಾರಿಯಲ್ಲಿ ನಡೆದು ಓಡಿಬಂದಿದ್ದರು. ಯುದ್ಧ ನುಂಗಿದ ವರ್ಷಗಳು ಅವರ ಲೆಕ್ಕ ಕೆಡಿಸದಂತೆ ಆ ದಿನಾಂಕ ಕಾಯುತ್ತಿತ್ತು. ನಿನ್ನನ್ನು ಯಾರು ಕರೆತಂದರು ಎಂದು ಕಲಂ ಕೇಳಲಿಲ್ಲ.

ಕೇಳಿದ್ದು ಕೌಂಟರ್. ಅರ್ಜಿ ಹಾಕಬೇಕು, ಅವಧಿಯೊಳಗೆ ಹಾಕಬೇಕು, ಎಂಟು ವರ್ಷ ಇದ್ದದ್ದಕ್ಕೆ ಪುರಾವೆ ಬೇಕು. ಮೇಸ್ತ್ರಿಯ ಕೈಯಿಂದ ಕೂಲಿ ಪಡೆದವನ ಹತ್ತಿರ ಎಂಥ ಪುರಾವೆ ಇದ್ದೀತು? ಕೆಲಸಕ್ಕೆ ಬಂದವನು, ಕೆಲಸ ಮುಗಿದರೆ ಹೋಗುವವನು ಎಂಬ ಅನುಮಾನ ಬೇರೆ. ಬಹಳ ಜನ ವಿದೇಶೀಯರಾಗಿಯೇ ಉಳಿದರು. 1962ರಲ್ಲಿ ನೆ ವಿನ್ ಸೇನಾಡಳಿತ ಬಂತು, ಅಂಗಡಿ ಮುಂಗಟ್ಟು ರಾಷ್ಟ್ರೀಕರಣವಾಯಿತು, ಸುಮಾರು 3 ಲಕ್ಷ ಭಾರತೀಯರು ದೇಶ ಬಿಟ್ಟರು.

ಇದರ ಇನ್ನೊಂದು ರೂಪ ನೋಡಲು ದೂರ ಹೋಗುವುದು ಬೇಡ. ಸಿಲೋನಿನ ಚಹಾ ತೋಟಗಳಿಗೆ ಕಂಗಾಣಿಗಳು ಕರೆದೊಯ್ದ ತಮಿಳು ಕಾರ್ಮಿಕರ ಪೌರತ್ವ 1948ರ ಕಾಯ್ದೆಯಲ್ಲಿ ಹೋಯಿತು. 1964ರ ಸಿರಿಮಾ-ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನರನ್ನು ಭಾರತಕ್ಕೆ ಎಂದು ಬರೆದುಕೊಂಡರು. ಹಾಗೆ ಬಂದ ಕೆಲವು ಕುಟುಂಬಗಳು ಇವತ್ತಿಗೂ ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿವೆ.

ಭಾರತದ 1948ರ ಕರಡು ಸಂವಿಧಾನದಲ್ಲಿ ಇಂಥವರ ನೆನಪಿತ್ತು. ಅಪ್ಪ ಅಮ್ಮನೋ ಅಜ್ಜ ಅಜ್ಜಿಯೋ ಬರ್ಮಾ, ಸಿಲೋನ್, ಮಲಯದಲ್ಲಿ ಹುಟ್ಟಿದ್ದರೂ, ಭಾರತದಲ್ಲಿ ನೆಲೆ ಮಾಡಿಕೊಂಡವರು ಪೌರರು ಎಂದು ಅದು ಹೇಳಿತ್ತು. ಅಂತಿಮ ಸಂವಿಧಾನದಲ್ಲಿ ಆ ಮೂರು ದೇಶಗಳ ಹೆಸರು ಉಳಿಯಲಿಲ್ಲ.

1947ರ ಕೊನೆಗೆ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್‌ಗೆ ಹೋಗಿ ಅಲ್ಲಿನ ಸಂವಿಧಾನ ತಜ್ಞರ ಜೊತೆ ಚರ್ಚಿಸಿದರು. ಆ ಹೊತ್ತಿಗೆ ಅಮೆರಿಕ ಭಾರತೀಯರಿಗೆ ಪೌರತ್ವದ ಹಕ್ಕು ಕೊಟ್ಟು ವರ್ಷವಷ್ಟೇ ಆಗಿತ್ತು. ವಲಸೆಯ ಕೋಟಾ ವರ್ಷಕ್ಕೆ ಬರೀ 100. ನಂತರ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಕುರ್ಚಿಯಲ್ಲಿದ್ದವರು ಅವರೇ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಚ್‌ನಲ್ಲಿ ತೀರಿಕೊಂಡರು.

ರಾಯರ ಬದುಕಿನಲ್ಲಿ ನನಗೆ ಮುಖ್ಯ ಅನ್ನಿಸುವುದು ಅವರ ಜಾಣತನ ಅಲ್ಲ. ಅವರ ಹಳೆಯ ಉದ್ಯೋಗವನ್ನು ಹೊಸ ದೇಶ ಅವರ ವಿರುದ್ಧ ಎಣಿಸಲಿಲ್ಲ, ಅದು. ಅವರ ಉದ್ದೇಶವನ್ನು ಅವರ ಕೆಲಸ ನೋಡಿ ನಂಬಿತು. ಸರಿಯಾಗಿಯೇ ನಂಬಿತು. ಆದರೆ ಅದೇ ನಂಬಿಕೆ ರಂಗೂನಿನ ಹಮಾಲಿಗೆ ಸಿಗಲಿಲ್ಲ, ಸಿಲೋನಿನ ಎಲೆ ಕೀಳುವವಳಿಗೆ ಸಿಗಲಿಲ್ಲ. ರಾಯರು ಎಂಟು ವರ್ಷ ದುಡಿದ ಅಸ್ಸಾಂನಲ್ಲೇ 2019ರ ಎನ್ಆರ್‌ಸಿ ಪಟ್ಟಿಯಿಂದ 19 ಲಕ್ಷ ಜನ ಹೊರಗುಳಿದರು. ಅಮೆರಿಕದ ಅಧಿಕಾರಿಯನ್ನು ಬೈಯುವ ಮೊದಲು ನಮ್ಮ ಕೌಂಟರುಗಳಲ್ಲಿ ನಾವು ಏನು ಕೇಳುತ್ತೇವೆ ಎಂದೂ ನೋಡಿಕೊಳ್ಳಬೇಕು.

ಒಬ್ಬ ಎಷ್ಟು ವರ್ಷ ಇದ್ದ, ದುಡಿದ, ತೆರಿಗೆ ಕಟ್ಟಿದ, ಮಕ್ಕಳನ್ನು ಶಾಲೆಗೆ ಹಾಕಿದ ಎಂಬುದು ಅವನ ಲೆಕ್ಕ. ಕರೆತಂದವನು ಕಾಗದ ಸರಿ ಇಟ್ಟನೋ ಇಲ್ಲವೋ ಎಂಬುದು ಕರೆತಂದವನ ಲೆಕ್ಕ. ಇವೆರಡನ್ನು ಬೇರೆ ಬೇರೆ ಇಡುವ ಕಾನೂನನ್ನು ಕೇಳುವುದು ಅತಿಯಾಸೆ ಅಲ್ಲ.

ಚಿಕ್ಕಮ್ಮನ ಮಗ ಹಳೆಯ ತೆರಿಗೆ ಪತ್ರಗಳನ್ನೂ ಕೊನೆಯ ಮೂರು ತಿಂಗಳ ಸಂಬಳ ಜಮೆಯಾದ ಬ್ಯಾಂಕ್ ಲೆಕ್ಕವನ್ನೂ ಹುಡುಕಿ ಕಳಿಸಿದ್ದಾನೆ. ಜೊತೆಗೆ ದುಡಿದ ಇಬ್ಬರು ಸಾಕ್ಷಿ ಹೇಳಿ ಪ್ರಮಾಣಪತ್ರ ಬರೆದುಕೊಟ್ಟಿದ್ದಾರೆ. ಚಿಕ್ಕಮ್ಮ ದಿನಾ ಬೆಳಿಗ್ಗೆ ಕೇಳುತ್ತಾರೆ, ಎಂಥ ಆಯ್ತು ಅಂತ. ಅರ್ಜಿ ಇನ್ನೂ ಬಾಕಿ ಇದೆ.